ಪಕ್ಕದ ರೂಮಿನಲ್ಲಿ ಯಾರೂ ಇಲ್ಲ

ಈ ಭೂಮಂಡಲದಲ್ಲಿ ಹುಟ್ಟಿದ ಯಾವ ತಿಗಣೆಗೂ ನನ್ನ ರಕ್ತದ ರುಚಿ ನೋಡಲು ಬಿಡುವುದಿಲ್ಲ ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ರೈಲಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು, ಬಲಗೈಯನ್ನು ಆಕಾಶಕ್ಕೆ ಎತ್ತಿ. ಆಕಾಶ ಸಿಗಲಿಲ್ಲ. ಮೇಲಿನ ಬರ್ತಿನಲ್ಲಿ ಮಲಗಿದ್ದ ಮಹನೀಯರೊಬ್ಬರ ಪಾದ ಸಿಕ್ಕಿತು.

"ಕೈ ಇಳಿಸ್ರೀ," ಎಂದಳು ಹೆಂಡತಿ. "ಪಾಪ, ಅವರು ಎದ್ದು ಕೂತ್ರು."

"ಏಳಲಿ! ಜಗತ್ತೇ ಎದ್ದು ಕೇಳಲಿ! ಎರಡು ದಿನ ಹೋಟೆಲಿನಲ್ಲಿ ಇರ್ತೀನಿ. ಒಂದೇ ಒಂದು ತಿಗಣೆ ನನ್ನ ಹತ್ರ ಸುಳಿಯೋದಿಲ್ಲ!"

"ಹೀಗೇ ಮಾತಾಡ್ತಾ ಇದ್ರೆ ಖಂಡಿತ ಸುಳಿಯಲ್ಲ."

ನನ್ನ ಹೆಂಡತಿ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳ ಮಾತೇ ಹಾಗೆ. ಒಂದು ಸಾಲಿನಲ್ಲಿ ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆದುಬಿಡುತ್ತಾಳೆ.

ನಾನು ಗಡಿಯಾರ ರಿಪೇರಿಯವನು. ಇಪ್ಪತ್ತೆಂಟು ವರ್ಷದಿಂದ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಹೊಟ್ಟೆ ಹೊರೆದವನು. ಆ ಗಾಜಿನಲ್ಲಿ ನೋಡಿದರೆ ತಿಗಣೆ ಎಮ್ಮೆಯಷ್ಟು ಕಾಣುತ್ತದೆ. ಎಮ್ಮೆಯೊಂದು ಹಾಸಿಗೆಯ ಹೊಲಿಗೆಯಲ್ಲಿ ಅಡಗಿ ಕುಳಿತರೆ ನನಗೆ ಗೊತ್ತಾಗುವುದಿಲ್ಲವೇ?

ಇಷ್ಟೊಂದು ಆವೇಶ ಯಾಕೆ ಎಂದು ನೀವು ಕೇಳಬಹುದು. ತಿಗಣೆ ಕಚ್ಚಿದರೆ ತುರಿಸಿಕೊಂಡು ಸುಮ್ಮನಾಗಬಹುದು. ಬೀಗರು ಕಚ್ಚಿದರೆ ತುರಿಸಿಕೊಳ್ಳುವುದಕ್ಕೂ ಆಗುವುದಿಲ್ಲ! ನಾವು ಹೊರಟಿದ್ದು ಮಗಳನ್ನು ಕೊಟ್ಟ ಬೀಗರ ಊರಿಗೆ. ದೊಡ್ಡ ಸರೋವರದ ದಂಡೆಯ ಊರು. ನಾಲ್ಕು ದಿನದ ರಜೆ, ನಾಲ್ಕೂ ದಿನ ಅವರ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ಬೀಗರು ಆರೋಗ್ಯ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರು. ಸೇವೆಯಲ್ಲಿದ್ದಾಗ ಅವರ ತೋರುಬೆರಳು ಅಡುಗೆಕಟ್ಟೆಯೊಂದರ ಮೇಲೆ ಹರಿದುಹೋದರೆ ಸಂಜೆಯೊಳಗೆ ಆ ಹೋಟೆಲು ಬಾಗಿಲು ಹಾಕುತ್ತಿತ್ತಂತೆ. ಅವರು ನಿವೃತ್ತರಾದರೂ ಬೆರಳು ಆಗಿಲ್ಲ. ಮದುವೆಯ ದಿನ ನಾನು ಅಪ್ಪಿಕೊಳ್ಳಲು ಹೋದರೆ ಮೊದಲು ನನ್ನ ಹೆಗಲ ಮೇಲೆ ಬೆರಳೆಳೆದು, ತುದಿ ನೋಡಿಕೊಂಡು, ಆಮೇಲೆ ಅಪ್ಪಿಕೊಂಡರು! ಅಂದೇ ಊಟದ ಹೊತ್ತಿನಲ್ಲಿ ಎಲ್ಲರಿಗೂ ಕೇಳುವಂತೆ ಘೋಷಿಸಿದ್ದರು: "ಹೋಟೆಲಲ್ಲಿ ಒಂದು ರಾತ್ರಿ ಮಲಗಿದವನು ನನ್ನ ಲೆಕ್ಕದಲ್ಲಿ ಓಡಾಡೋ ತಿಗಣೆ ಗೂಡು. ಅಂಥವನನ್ನ ನಾನು ಹೊಸಿಲು ದಾಟಿಸೋದಿಲ್ಲ."

ಹೊರಡುವ ಹಿಂದಿನ ದಿನ ಅವರ ಫೋನು ಬಂತು.

"ಬೀಗರೇ, ಮನೆಗೆ ಪೇಂಟ್ ಹೊಡೆಸ್ತಾ ಇದೀವಿ. ಒಂದೇ ವಾಸನೆ. ಮಗನ್ನೂ ಸೊಸೇನೂ ಸ್ನೇಹಿತರ ಮನೆಗೆ ಕಳಿಸಿದೀನಿ. ತಾವು ಒಂದೆರಡು ದಿನ ಬಿಟ್ಟು ಬಂದ್ರೆ..."

"ಅದಕ್ಕೇನಂತೆ! ದಾರಿಯಲ್ಲಿ ನಮ್ಮ ನೆಂಟರ ಮನೆ ಇದೆ, ಇದ್ದು ಬರ್ತೀವಿ," ಎಂದುಬಿಟ್ಟೆ.

ದಾರಿಯಲ್ಲಿ ನೆಂಟರು ಎಲ್ಲಿಂದ ಬರಬೇಕು? ಶಾಲೆಯ ರಜೆ ಮುಂದೂಡಲಾಗದು, ರೈಲಿನ ಟಿಕೆಟ್ಟು ಬದಲಾಗದು. ಬೇರೆ ದಾರಿ ಕಾಣದೆ ಬೀಗರ ಊರಿನಲ್ಲೇ, ಬೀಗರಿಗೆ ಸುಳಿವು ಸಿಗದ ಹಾಗೆ, ಊರಾಚೆಯ ಹೋಟೆಲಿನಲ್ಲಿ ಎರಡು ದಿನ ತಲೆಮರೆಸಿಕೊಳ್ಳುವುದೆಂದು ತೀರ್ಮಾನವಾಯಿತು. ಅಲ್ಲಿಂದ ಒಂದು ತಿಗಣೆ, ಒಂದೇ ಒಂದು, ನನ್ನ ಕಾಲುಚೀಲದಲ್ಲಿ ಕುಳಿತು ಬೀಗರ ಮನೆಗೆ ಬಂದಿಳಿದರೆ? ನನ್ನ ಮರ್ಯಾದೆ ಹೋಗಲಿ, ಅದಕ್ಕೆ ಹೋಗಿ ಬಂದು ಅಭ್ಯಾಸವಿದೆ. ನನ್ನ ಮಗಳು ಆ ಮನೆಯಲ್ಲಿ ಜೀವಮಾನವಿಡೀ 'ತಿಗಣೆಯವರ ಮಗಳು' ಆಗಿಬಿಡುತ್ತಾಳೆ!

ಹೋಟೆಲು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಹೊರಗೆ ಚುರುಗುಟ್ಟುವ ಬಿಸಿಲು. ಒಳಗೆ ಕಾಲಿಟ್ಟರೆ ಬಾವಿಗೆ ಇಳಿದಂಥ ತಂಪು, ಮಬ್ಬು. ಕೌಂಟರಿನ ಹಿಂದೆ ಉದ್ದನೆಯ, ಬಣ್ಣಗೆಟ್ಟ ಮನುಷ್ಯನೊಬ್ಬ ನಿಂತಿದ್ದ. ಮಾತಾಡುವಾಗ ಅವನ ತುಟಿ ಅಲ್ಲಾಡುತ್ತಲೇ ಇರಲಿಲ್ಲ. ಮಾತು ಅವನ ಬೆನ್ನ ಹಿಂದಿನ ಗೋಡೆಯಿಂದ ಬಂದಂತೆ ಕೇಳುತ್ತಿತ್ತು.

"ನಿಮ್ಮಲ್ಲಿ ತಿಗಣೆ ಇದೆಯೇನಪ್ಪಾ?" ನಾನು ನೇರವಾಗಿಯೇ ಕೇಳಿದೆ.

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಇವತ್ತು ಇದೇ ಪ್ರಶ್ನೆ ಕೇಳ್ತಿರೋರು ನೀವು ಎರಡನೆಯವರು ಸರ್."

"ಮೊದಲನೆಯವರು ಯಾರು?"

"ಅವರು..." ತುಟಿ ಒಂದಿಷ್ಟು ನಡುಗಿತು. "ಅವರು ಇಲ್ಲ ಸರ್."

ಬೀಗದ ಕೈ ನನ್ನ ಮುಂದೆ ಸರಿಸಿ ಅವನು ರಿಜಿಸ್ಟರಿನ ಮೇಲೆ ತಲೆ ಬಗ್ಗಿಸಿದ. ಎರಡನೇ ಮಹಡಿ, ಕೊನೆಯ ರೂಮು. "ಆ ಮಹಡಿಯಲ್ಲಿ ಬೇರೆ ಯಾರಾದ್ರೂ ಇದ್ದಾರಾ?" ಎಂದೆ.

"ನೀವೊಬ್ಬರೇ ಅಂತ ಇಟ್ಕೊಳ್ಳಿ," ಎಂದಿತು ಹಿಂದಿನ ಗೋಡೆ.

ಮೇಲಿನ ಕಾರಿಡಾರಿನಲ್ಲಿ ಒಂದೇ ಒಂದು ಕಿಟಕಿಯಿಲ್ಲ. ನಾವು ಕಾಲಿಟ್ಟ ಕಡೆ ತಲೆಯ ಮೇಲೊಂದು ದೀಪ ಹತ್ತುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದರೆ ಹಿಂದಿನ ದೀಪ ತಾನೇ ಆರುತ್ತದೆ. ಹೀಗೆ ಕತ್ತಲೆ ನಮ್ಮ ಹಿಂದೆಯೇ ಬರುತ್ತಿತ್ತು, ಬೆರಳಿನಲ್ಲಿ ದೀಪ ಆರಿಸುತ್ತಾ ಯಾರೋ ಹಿಂಬಾಲಿಸುತ್ತಿರುವ ಹಾಗೆ. ನೆಲದ ದಪ್ಪ ರತ್ನಗಂಬಳಿ ನಮ್ಮ ಹೆಜ್ಜೆಯ ಸದ್ದನ್ನು ನುಂಗಿಬಿಟ್ಟಿತ್ತು. ನಾವು ರೂಮಿನ ಬಾಗಿಲು ತೆರೆಯುವ ಹೊತ್ತಿಗೆ ಕಾರಿಡಾರಿನ ಆ ತುದಿಯಲ್ಲಿ, ನಾವು ಬಿಟ್ಟು ಬಂದ ಕಡೆ, ಒಂದು ದೀಪ ಹತ್ತಿತು. ಅದರ ಕೆಳಗೆ ಯಾರೂ ಇರಲಿಲ್ಲ. ದೀಪ ಆರಿತು.

"ಲೂಸ್ ಕನೆಕ್ಷನ್," ಎಂದಳು ಹೆಂಡತಿ.

ರೂಮು ದೊಡ್ಡದೇ. ಜೋಡಿ ಹಾಸಿಗೆಯ ಮಂಚ, ಕನ್ನಡಿ, ಬಾತ್‌ರೂಮಿನಲ್ಲಿ ಶವಪೆಟ್ಟಿಗೆಯಷ್ಟು ಉದ್ದದ ಟಬ್ಬು. ಎಡಗೋಡೆಯಲ್ಲಿ ಇನ್ನೊಂದು ಬಾಗಿಲಿತ್ತು. ಕಾರಿಡಾರಿನದಲ್ಲ, ಬಾತ್‌ರೂಮಿನದೂ ಅಲ್ಲ. ಪಕ್ಕದ ರೂಮಿಗೆ ಹೋಗುವ ಬಾಗಿಲು. ನಮ್ಮ ಕಡೆಯಿಂದ ಚಿಲಕ ಹಾಕಿತ್ತು. ಚಿಲಕದ ಕೆಳಗೆ ಹಳೆಯ ಕಾಲದ ಅಗಲವಾದ ಕೀಲಿಕಿಂಡಿ.

ಹೆಂಡತಿ ಕಿಟಕಿಯ ಪರದೆ ಸರಿಸಿದಳು. ಸರೋವರ ಥಳಥಳ ಹೊಳೆಯುತ್ತಿತ್ತು. "ನೋಡ್ರೀ, ದೋಣಿ! ಮುಖ ತೊಳೆದು ಹೊರಡೋಣ."

ನಾನು ಪರದೆ ಮುಚ್ಚಿದೆ.

"ಯಾಕ್ರೀ?"

"ತಿಗಣೆ ಬೆಳಕಿಗೆ ಹೊರಗೆ ಬರಲ್ಲ ಕಣೇ. ರಾತ್ರಿ ತನಕ ಕಾದು ಕೂತ್ರೆ ಅದು ಬಂದು ಕಚ್ಚಿ, ಹೋಗಿ, ಸಂಸಾರ ಹೂಡಿರತ್ತೆ. ಅದಕ್ಕೇ ಈಗಲೇ ರಾತ್ರಿ ಮಾಡ್ತೀನಿ."

"ಮಧ್ಯಾಹ್ನ ಎರಡೂವರೆಗೆ?"

"ಮುಳ್ಳು ತಿರುಗಿಸಿ ಹೊತ್ತು ಬದಲಾಯಿಸೋದು ನನ್ನ ಕಸುಬು!"

ಯುದ್ಧ ಸಿದ್ಧತೆ ಆರಂಭವಾಯಿತು. ಪೆಟ್ಟಿಗೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಟಬ್ಬಿನೊಳಗೆ ಮಲಗಿಸಿದೆ. ಆ ನುಣುಪು ಗೋಡೆಯನ್ನು ತಿಗಣೆ ಹತ್ತಲಾರದು ಎಂದು ಎಲ್ಲೋ ಓದಿದ್ದೆ. ಪರದೆಯ ಅಂಚುಗಳಿಗೆ ಬಟ್ಟೆ ಕ್ಲಿಪ್ಪು, ಕಾರಿಡಾರಿನ ಬಾಗಿಲಿನ ಸಂದಿಗೆ ಟವೆಲು. ಮೈಮೇಲೆ ಹತ್ತಿದರೆ ತಕ್ಷಣ ಕಾಣಲೆಂದು ಬಿಳಿ ಪೈಜಾಮ, ಬಿಳಿ ಬನಿಯನ್ನು, ಪೈಜಾಮದ ಮೇಲೆ ಮೊಣಕಾಲಿನ ತನಕ ಎಳೆದ ಬಿಳಿ ಕಾಲುಚೀಲ. ತೆರೆದ ಮೈಗೆಲ್ಲ, ಮುಖಕ್ಕೂ ಸೇರಿಸಿ, ಅರ್ಧ ಡಬ್ಬಿ ಪೌಡರು. ಬಲಗಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಟಾರ್ಚು. ಕನ್ನಡಿಯಲ್ಲಿ ನನ್ನನ್ನು ನೋಡಿಕೊಂಡು ನಾನೇ ಎರಡು ಹೆಜ್ಜೆ ಹಿಂದೆ ಸರಿದೆ.

"ಈಗ ಆಮಿಷ ಬೇಕು," ಎಂದೆ. "ತಿಗಣೆ ಉಸಿರಿನ ಬಿಸಿಗೆ ಹೊರಗೆ ಬರತ್ತೆ. ಯಾರಾದ್ರೂ ಮಂಚದ ಮೇಲೆ ಅಲ್ಲಾಡದೆ ಮಲಗಿ ಉಸಿರು ಬಿಡ್ಬೇಕು."

"ಯಾರಾದ್ರೂ ಅಂದ್ರೆ?"

"ನಿನ್ನ ಉಸಿರು ನನ್ನದಕ್ಕಿಂತ ಸ್ವಲ್ಪ ಬಿಸಿ."

"ಈಗ ಇನ್ನೂ ಬಿಸಿಯಾಗ್ತಾ ಇದೆ. ನೀವೇ ಮಲಗಿ."

ಅವಳು ರೂಮಿನ ನಡುವೆ ಸ್ಟೂಲು ಹಾಕಿಕೊಂಡು, ಕಾಲು ಮೇಲೆತ್ತಿ, ಕತ್ತಲಲ್ಲಿ ಕುಳಿತಳು. ನಾನು ದೀಪ ಆರಿಸಿ ಮಂಚದ ಮೇಲೆ ಅಂಗಾತ ಮಲಗಿದೆ.

ಓದುಗರೇ, ಮಧ್ಯಾಹ್ನದಲ್ಲಿ ಮಾಡಿದ ರಾತ್ರಿಯೊಳಗೆ ನೀವು ಯಾವತ್ತಾದರೂ ಮಲಗಿದ್ದೀರಾ? ಮಲಗಬೇಡಿ. ನಿಜವಾದ ರಾತ್ರಿಗೆ ನಾಯಿ ಬೊಗಳುವುದು, ಲಾರಿ ಹೋಗುವುದು ಎಂಬ ಆಸರೆಯಾದರೂ ಇರುತ್ತದೆ. ಇದಕ್ಕೆ ಏನೂ ಇಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಕಪ್ಪು. ನನ್ನ ಉಸಿರು ನನಗೇ ಬೇರೆ ಯಾರದೋ ಎಂಬಂತೆ ಕೇಳತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ಅನುಮಾನ ಬಂದು ಉಸಿರು ಬಿಗಿಹಿಡಿದೆ.

ಉಸಿರಾಟ ನಿಲ್ಲಲಿಲ್ಲ.

"ನೀನೇನೇ ಉಸಿರಾಡ್ತಿರೋದು?" ಪಿಸುಗುಟ್ಟಿದೆ.

"ಬಿಡ್ಬೇಕಾ?" ಎಂದಳು ಸ್ಟೂಲಿನ ಕಡೆಯಿಂದ.

ಆದರೆ ಸದ್ದು ಬರುತ್ತಿದ್ದುದು ಸ್ಟೂಲಿನ ಕಡೆಯಿಂದಲ್ಲ. ಎಡಗೋಡೆಯ ಕಡೆಯಿಂದ. ನೆಲದ ಮಟ್ಟದಿಂದ. ಸ್ಸ್... ಸ್ಸ್... ಎಂದು ಯಾರೋ ಮೂಸುವ ಸದ್ದು. ಆ ಬಾಗಿಲಿನ ಕೆಳಗಿನ ಸಂದಿಗೆ ಮೂಗಿಟ್ಟು, ನಮ್ಮ ರೂಮಿನ ಗಾಳಿಯನ್ನು ಯಾರೋ ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತಿದ್ದರು.

ನಾನು ವೀರ. ವೀರರು ಹೆದರಿದಾಗ ಕೆಲಸಕ್ಕೆ ಕೈಹಾಕುತ್ತಾರೆ. ತಲೆಯ ಹಿಂದಿನ ಹಲಗೆ ಪೊಳ್ಳೋ ಗಟ್ಟಿಯೋ ಪರೀಕ್ಷಿಸುವ ನೆಪದಲ್ಲಿ ಗೆಣ್ಣಿನಿಂದ ಮೂರು ಸಲ ಬಡಿದೆ. ಟಕ್, ಟಕ್, ಟಕ್.

ಗೋಡೆಯ ಆಚೆಯಿಂದ ಉತ್ತರ ಬಂತು. ಟಕ್, ಟಕ್, ಟಕ್.

ಎರಡು ಸಲ ಬಡಿದೆ. ಎರಡು ಬಂತು. ಮೂರನೆಯ ಪ್ರಯತ್ನದಲ್ಲಿ ಅಡ್ಡಾದಿಡ್ಡಿ ಐದು ಸಲ ಬಡಿದುಹೋಯಿತು. ಅದೇ ಅಡ್ಡಾದಿಡ್ಡಿಯಲ್ಲಿ ಐದೂ ತಿರುಗಿ ಬಂದವು. ಆಮೇಲೆ ಸ್ವಲ್ಪ ತಡೆದು, ಇನ್ನೊಂದು. ಆ ಹೆಚ್ಚಿನ ಒಂದಕ್ಕೆ ನನ್ನ ಬೆನ್ನುಹುರಿಯಲ್ಲಿ ಐಸು ಇಳಿಯಿತು!

ತಡಕಾಡಿ ಫೋನೆತ್ತಿದೆ. "ಕೌಂಟರ್? ಪಕ್ಕದ ರೂಮಿನಲ್ಲಿ ಯಾರಿದ್ದಾರಪ್ಪಾ?"

"ಪಕ್ಕದ ರೂಮಿನಲ್ಲಿ ಯಾರೂ ಇಲ್ಲ ಸರ್."

"ಗೋಡೆ ಬಡೀತಾ ಇದ್ದಾರಲ್ಲ!"

"ಯಾರು ಕೇಳಿದರೂ ಯಾರೂ ಇಲ್ಲ ಅಂತಲೇ ಸರ್." ಧ್ವನಿ ಇನ್ನೂ ಕೆಳಗಿಳಿಯಿತು. "ಅವರೇ ಖುದ್ದಾಗಿ ಹೇಳಿ ಹೋಗಿದ್ದಾರೆ."

"ಯಾರು?"

"ಇಲ್ಲದೇ ಇರೋರು."

ಫೋನು ಕಟ್ಟಾಯಿತು. ನನ್ನ ಕೈಯಲ್ಲಿದ್ದ ರಿಸೀವರು ಪೌಡರಿಗೆ ಅಂಟಿಕೊಂಡಿತ್ತು.

ಆಗಲೇ ಬಾಗಿಲಿನ ಕೆಳಗಿನ ಸಂದಿಯಲ್ಲಿ ಬೆಳಕಿನ ಗೆರೆಯೊಂದು ಮೂಡಿತು. ಹಳದಿ, ತೆಳ್ಳನೆಯ ಗೆರೆ. ಅದು ನಿಧಾನವಾಗಿ ಬಲಕ್ಕೆ ಸರಿಯಿತು, ನಿಂತಿತು, ಮತ್ತೆ ಎಡಕ್ಕೆ ಬಂತು. ಹಿಂದೆಯೇ ಪಿಸುಮಾತು. ಗಡಸು ಗಂಡಸಿನ ಪಿಸುಮಾತು:

"ಒಳಗೇ ಇವೆ. ವಾಸನೆ ಬರ್ತಾ ಇದೆ."

ಹೆಂಗಸಿನ ಪಿಸುಮಾತು: "ಎಷ್ಟಿರ್ಬಹುದು?"

"ಜೋಡಿ ಇರತ್ತೆ. ಯಾವಾಗಲೂ ಜೋಡಿ. ಮೊದಲು ಹೆಣ್ಣನ್ನ ಹಿಡೀಬೇಕು. ಸುಟ್ಟು ಹಾಕ್ಬೇಕು."

ಕತ್ತಲಲ್ಲಿ ಸ್ಟೂಲು ಕಿರ್ರೆಂದಿತು. "ಏನಂದ? ಮೊದಲು ಹೆಣ್ಣನ್ನಾ?" ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನ ಹೆಂಡತಿಯ ದನಿ ನಡುಗಿದ್ದು ಅದೇ ಮೊದಲು. ಹೆದರಿಕೆಯಿಂದಲೋ ಸಿಟ್ಟಿನಿಂದಲೋ ಕತ್ತಲಲ್ಲಿ ಗೊತ್ತಾಗಲಿಲ್ಲ. "ರೀ, ಹೋಗಿ ನೋಡ್ರೀ."

"ನಾನಾ?"

"ಜಗತ್ತೇ ಎದ್ದು ಕೇಳಲಿ ಅಂದೋರು ನೀವೇ ತಾನೆ!"

ನಾಲ್ಕು ಕಾಲಿನಲ್ಲಿ ಹೊರಟೆ. ಮಂಚದಿಂದ ಬಾಗಿಲಿಗೆ ಎಂಟು ಅಡಿ ಇರಬಹುದು. ಎಂಟು ಮೈಲಿ ತೆವಳಿದೆ. ಸಂದಿಯಲ್ಲಿನ ಬೆಳಕು ಆರಿತು. ಮೂಸುವ ಸದ್ದು ನಿಂತಿತು. ನಾನು ಉಸಿರು ಬಿಗಿಹಿಡಿದು ಭೂತಗನ್ನಡಿ ಸಿಕ್ಕಿಸಿದ ಬಲಗಣ್ಣನ್ನು ಕೀಲಿಕಿಂಡಿಗೆ ಒತ್ತಿ, ಪಕ್ಕದಲ್ಲಿ ಟಾರ್ಚು ಹತ್ತಿಸಿದೆ.

ಆ ಕಡೆಯಿಂದ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು.

ಸಾಮಾನ್ಯ ಕಣ್ಣಲ್ಲ! ಊಟದ ತಟ್ಟೆಯಷ್ಟು ಅಗಲದ, ಕೆಂಪು ನರಗಳು ಬೇರಿನಂತೆ ಹರಡಿದ, ನೀರಿನಲ್ಲಿ ತೇಲುವಂಥ ಕಣ್ಣು. ಅದರ ಕಪ್ಪು ಗುಡ್ಡೆ ನನ್ನ ಬೆಳಕಿಗೆ ಮೆಲ್ಲಗೆ ಕುಗ್ಗಿತು. ಆಮೇಲೆ ಅದು ರೆಪ್ಪೆ ಬಡಿಯಿತು.

ನಾನು ಕಿರುಚಿದೆ. ಬಾಗಿಲಿನ ಆಚೆಯೂ ಯಾರೋ ಅದೇ ಶ್ರುತಿಯಲ್ಲಿ ಕಿರುಚಿದರು. ಮುಂದೆ ಏನಾಯಿತೆಂದು ನನಗೆ ಸರಿಯಾಗಿ ನೆನಪಿಲ್ಲ. ನೆನಪು ಬಂದಾಗ ನಾನು ಟಬ್ಬಿನೊಳಗೆ, ಎರಡು ಪೆಟ್ಟಿಗೆಗಳ ಅಡಿಯಲ್ಲಿದ್ದೆ. ಹೊರಗೆ ನನ್ನ ಹೆಂಡತಿಯ ದನಿ ತರಗತಿಯಲ್ಲಿ ಗದ್ದಲವಾದಾಗ ಏರುವ ಎತ್ತರಕ್ಕೆ ಏರಿತ್ತು:

"ಸಾಕು! ಯಾವ ದೆವ್ವವೋ ಏನೋ, ಮುಖ ತೋರಿಸಲಿ!"

ನಮ್ಮ ಕಡೆಯ ಚಿಲಕ ಜಾರಿದ ಸದ್ದಾಯಿತು. ಅದೇ ಕ್ಷಣಕ್ಕೆ ಆಚೆ ಕಡೆಯ ಚಿಲಕವೂ ಜಾರಿತು. ಬಾಗಿಲು ಕಿರ್‍ರ್... ಎಂದು ತೆರೆದುಕೊಂಡಿತು.

"ಅಯ್ಯೋ," ಎಂದಳು ನನ್ನ ಹೆಂಡತಿ. "ಬೀಗಿತ್ತೀ, ನೀವಾ!"

"ಅಯ್ಯೋ ನಮ್ಮಪ್ಪಾ! ಬನ್ನಿ ಬನ್ನಿ, ಒಳಗೆ ಬನ್ನಿ," ಎಂದಿತು ಮಗಳ ಅತ್ತೆಯ ದನಿ, ಸ್ವಂತ ಮನೆಯ ಹೊಸಿಲಿನಲ್ಲಿ ನಿಂತ ಹಾಗೆ.

ನಾನು ಪೆಟ್ಟಿಗೆ ಸರಿಸಿ ಹೊರಬಂದು ಬಾಗಿಲಿನಿಂದ ಇಣುಕಿದೆ. ಅಲ್ಲೂ ಪರದೆಗೆ ಬಟ್ಟೆ ಕ್ಲಿಪ್ಪು. ಅಲ್ಲೂ ನಡುಮಧ್ಯಾಹ್ನದಲ್ಲಿ ರಾತ್ರಿ. ಮಂಚದ ಮೇಲೆ, ಗೋಡೆಗೆ ಬೆನ್ನು ಹಚ್ಚಿ, ಸೊಂಟಕ್ಕೆ ಟವೆಲು ಸುತ್ತಿಕೊಂಡು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಇಲಾಖೆಯ ಕಾಲದ ದಪ್ಪ ಭೂತಗನ್ನಡಿ ಹಿಡಿದು ನಿಂತಿದ್ದರು, ನಮ್ಮ ಬೀಗರು, ಆರೋಗ್ಯ ಇಲಾಖೆಯ ನಿವೃತ್ತ ಸಿಂಹ!

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೊದಲು ಚೇತರಿಸಿಕೊಂಡವನು ನಾನು.

"ಪೇಂಟ್ ಹೇಗಿದೆ ಬೀಗರೇ?"

"ಒಣಗ್ತಾ ಇದೆ." ಅವರು ಗಂಟಲು ಸರಿಮಾಡಿಕೊಂಡರು. "ನೆಂಟರೆಲ್ಲ ಚೆನ್ನಾಗಿದ್ದಾರಾ?"

"ತುಂಬಾ ಚೆನ್ನಾಗಿದ್ದಾರೆ."

"ಒಳ್ಳೇದು."

ಅಷ್ಟರಲ್ಲಿ ಹೆಂಗಸರಿಬ್ಬರೂ ಎಲ್ಲ ಕ್ಲಿಪ್ಪು ಕಿತ್ತು ಪರದೆ ಸರಿಸಿದ್ದರು. ಬಿಸಿಲು ಧೊಪ್ಪನೆ ಒಳಗೆ ಬಿತ್ತು. ಬಿಸಿಲಿನಲ್ಲಿ ನಾವಿಬ್ಬರೂ ಹೇಗೆ ಕಂಡೆವೆಂಬುದನ್ನು ನಾನು ಬರೆಯುವುದಿಲ್ಲ. ಅವರಿಬ್ಬರೂ ಕಿಟಕಿಯ ಹತ್ತಿರ ಕುಳಿತು ತಲೆಗೆ ತಲೆ ಕೊಟ್ಟು ಮಾತಿಗಿಳಿದರು. ನಡುನಡುವೆ ನನ್ನ ಹೆಂಡತಿ ತಿರುಗಿ ನನ್ನನ್ನು ನೋಡುತ್ತಿದ್ದಳು. ಆ ನೋಟ ನನಗೆ ಹಿಡಿಸಲಿಲ್ಲ.

ಬೀಗರು ಮಂಚದಿಂದ ಇಳಿದರು. ಇಳಿಯುವಾಗ ನಾಲ್ಕು ವರ್ಷ ಹೆಚ್ಚು ವಯಸ್ಸಾದವರಂತೆ ಕಂಡರು. "ಬೀಗರೇ, ನಿಮ್ಮ ಹತ್ರ ಮುಚ್ಚಿಡೋದೇನು. ಪೇಂಟೂ ಇಲ್ಲ, ಗೀಂಟೂ ಇಲ್ಲ. ನಮ್ಮ ಮನೆಗೆ..." ಸುತ್ತ ನೋಡಿ, ದನಿ ಇಳಿಸಿ, "ಬಂದಿದೆ," ಎಂದರು.

"ಏನು ಬಂದಿದೆ?"

"ಅದೇ."

"ತಿಗಣೆಯಾ?"

"ಮೆಲ್ಲಗೆ! ಔಷಧಿ ಹೊಗೆ ಹಾಕಿಸಿ ಮನೆ ಮುಚ್ಚಿದೀನಿ. ಮೂವತ್ತೈದು ವರ್ಷ ಈ ಊರಿನ ಹೋಟೆಲುಗಳನ್ನ ಗಡಗಡ ನಡುಗಿಸಿದೋನು ನಾನು. ನನ್ನ ಮನೇಲಿ ತಿಗಣೆ ಅಂದ್ರೆ ಜನ ಏನಂದಾರು? ಅದಕ್ಕೇ ಯಾರ ಕಣ್ಣಿಗೂ ಬೀಳದ ಹಾಗೆ ಈ ಊರಾಚೆ ಹೋಟೆಲಿಗೆ ಬಂದೆ. ನಾನಿಲ್ಲಿ ಇಲ್ಲ ಅಂತ ಹೇಳೋಕೆ ಕೌಂಟರಿನವನಿಗೂ ಹೇಳಿಟ್ಟಿದ್ದೆ. ಇಲ್ಲಿಂದ ಮತ್ತೆ ಹೊಸದನ್ನ ಹೊತ್ಕೊಂಡು ಹೋಗಬಾರದಲ್ಲ ಅಂತ ಹುಡುಕ್ತಾ ಇದ್ರೆ, ಗೋಡೆ ಬೇರೆ ಟಕ್ ಟಕ್ ಅನ್ನೋಕೆ ಶುರುವಾಯ್ತು!"

ಆಹಾ! ನನ್ನ ಎದೆಯೊಳಗೆ ನಗಾರಿ ಮೊಳಗಿತು! ಹೊಸಿಲು ದಾಟಿಸದ ಸಿಂಹ ಟವೆಲಿನಲ್ಲಿ ನಿಂತು ತಪ್ಪೊಪ್ಪಿಕೊಳ್ಳುತ್ತಿದೆ! ಇಂಥ ಗಳಿಗೆ ಬೀಗರ ಬದುಕಿನಲ್ಲಿ ಒಂದೇ ಸಲ ಬರುತ್ತದೆ. ನಾನು ಪೌಡರು ಬಳಿದ ಕೈಯನ್ನು ಅವರ ಹೆಗಲ ಮೇಲಿಟ್ಟು ಮಹಾ ಔದಾರ್ಯದಿಂದ ಹೇಳಿದೆ: "ನೊಂದ್ಕೋಬೇಡಿ ಬೀಗರೇ. ಎಂಥೆಂಥವರ ಮನೆಗೂ ಬರತ್ತೆ. ಆದರೆ ತಾನಾಗಿ ಬರಲ್ಲ, ಯಾರೋ ತಂದಿರ್ತಾರೆ. ಎಲ್ಲಿಂದ ಬಂತು ಅಂತ ಪತ್ತೆ ಆಯ್ತಾ?"

"ಆಯ್ತು." ಅವರು ನೆಲ ನೋಡಿದರು. "ಬಿಡಿ, ಹೋಗಲಿ."

"ಬಿಡೋದಾ! ಯಾವನವನು? ಹೆಸರು ಹೇಳಿ!"

"ಬೇಡ ಬೀಗರೇ. ನಮಗೆ ಬೇಕಾದವರೇ."

"ಯಾರಾದರೇನು! ನನ್ನ ಮಗಳು ಇರೋ ಮನೆಗೆ ತಿಗಣೆ ತಂದ ಆ ಕಣ್ಣಿಲ್ಲದ ಕುರುಡ ಯಾರು? ನಾನೇ ಅವನ ಮನೆಗೆ ಹೋಗಿ, ಎದುರಿಗೆ ನಿಂತು, ನಾಲ್ಕು ಮಾತು ಆಡಿ ಬರ್ತೀನಿ!"

ಕಿಟಕಿಯ ಹತ್ತಿರದಿಂದ ನನ್ನ ಹೆಂಡತಿ ಎದ್ದು ಬಂದಳು. ಕೈಚೀಲ ತೆರೆದು ಬೀಗದ ಕೈ ಗೊಂಚಲು ನನ್ನ ಮುಂದೆ ಹಿಡಿದಳು.

"ಅವರ ಮನೆ ಬೀಗದ ಕೈ. ಹೋಗಿ ಆಡಿ ಬನ್ನಿ."

ಅದು ನಮ್ಮ ಮನೆಯದು.

ಮುಂದಿನದನ್ನು ಬೀಗರು ಸಂಕಟಪಡುತ್ತಾ, ತಾವೇ ತಪ್ಪು ಮಾಡಿದವರಂತೆ ಹೇಳಿದರು. ಮಗಳ ಮದುವೆಯ ಮೊದಲ ವರ್ಷಕ್ಕೆ ನಾನು ಅವರಿಗೊಂದು ಗೋಡೆ ಗಡಿಯಾರ ಉಡುಗೊರೆ ಕಳಿಸಿದ್ದೆ. ಲೋಲಕದ, ಮರದ ಕೆತ್ತನೆಯ, ಆಳೆತ್ತರದ ಗಡಿಯಾರ. ಮುಚ್ಚಿಹೋದ ಹಳೆಯ ಲಾಡ್ಜೊಂದರ ಸಾಮಾನು ಹರಾಜಿಗೆ ಬಂದಾಗ ಕೊಂಡಿದ್ದು. ವಾರವಿಡೀ ಕುಳಿತು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಭೂತಗನ್ನಡಿಯಲ್ಲಿ ಒಂದೊಂದು ಹಲ್ಲುಚಕ್ರವನ್ನೂ ಎಣಿಸಿ ಜೋಡಿಸಿದ್ದೆ. ಚಕ್ರ ನೋಡಿದ್ದೆ. ಮರ ನೋಡಿರಲಿಲ್ಲ. ಆ ಮರದ ಸಂದಿಸಂದಿಯಲ್ಲಿ ಲಾಡ್ಜಿನ ಹಳೆಯ ಗಿರಾಕಿಗಳು ಕುಟುಂಬ ಸಮೇತ ಉಳಿದುಕೊಂಡಿದ್ದರು.

"ಮುಖದ ಹಲಗೆ ಬಿಚ್ಚಿದೆ ಬೀಗರೇ, ಹನ್ನೆರಡರ ಹಿಂದೆ ಮೊಟ್ಟೆ," ಎಂದರು ಅವರು ಮೆಲ್ಲಗೆ. ನನ್ನ ಮುಖ ನೋಡಿ ಗಾಬರಿಯಾಗಿ, "ಆದರೆ ಒಂದು ಮಾತು ಹೇಳಲೇಬೇಕು. ಗಡಿಯಾರ ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ!" ಎಂದು ಸೇರಿಸಿದರು.

ಆ ಸಂಜೆ ಹೆಂಗಸರಿಬ್ಬರೂ ದೋಣಿ ಹತ್ತಿದರು. ನಾವಿಬ್ಬರೂ ಎರಡೂ ರೂಮಿನ ನಾಲ್ಕು ಹಾಸಿಗೆಗಳನ್ನು ಹೊಲಿಗೆ ಹೊಲಿಗೆ ಬಿಡದೆ ಜಾಲಾಡಿದೆವು. ಒಂದೇ ಒಂದು ತಿಗಣೆ ಇರಲಿಲ್ಲ. ಆ ಹೋಟೆಲಿನಲ್ಲಿ ಅನುಮಾನಾಸ್ಪದವಾದ ವಸ್ತುವೆಂದರೆ ನಾನೊಬ್ಬನೇ. ಬೀಗರು ಬಹಳ ಸಂಕೋಚದಿಂದ ನನ್ನ ಬಟ್ಟೆಬರೆಯನ್ನೆಲ್ಲ ವಶಪಡಿಸಿಕೊಂಡು, ಇಸ್ತ್ರಿಯಂಗಡಿಯ ಬಿಸಿ ಹಬೆಗೆ ಕಳಿಸಿ, ತಮ್ಮದೇ ಪಟ್ಟೆ ಪಟ್ಟೆಯ ಅಂಗಿ ಕೊಟ್ಟರು. ನಡೆದದ್ದು ನಾಲ್ಕು ಜನರಲ್ಲೇ ಉಳಿಯಬೇಕು, ಮಕ್ಕಳ ಕಿವಿಗೆ ಬೀಳಬಾರದು ಎಂದೂ ಒಪ್ಪಂದವಾಯಿತು.

ಮೂರನೆಯ ದಿನ ಬೆಳಿಗ್ಗೆ ಬೀಗರ ಮನೆಗೆ ಹೋದೆವು. ಮನೆಯೆಲ್ಲ ಖಾಲಿ ಖಾಲಿ. ಔಷಧಿಯ ಕಹಿ ವಾಸನೆ ಇನ್ನೂ ಮೂಲೆಯಲ್ಲಿ ನಿಂತಿತ್ತು. ಉಳಿದ ಮೂವರೂ ಹಿತ್ತಿಲಿನಲ್ಲಿ ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದರು. ನಾನು ಮಾತ್ರ, ಇನ್ನೂ ಬೀಗರ ಅಂಗಿಯಲ್ಲೇ, ಹಜಾರದಲ್ಲಿ, ಗಡಿಯಾರ ತೂಗಿದ್ದ ಗೋಡೆಯ ಮುಂದೆ, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ. ಅಲ್ಲಿ ಆಳೆತ್ತರದ ಬಿಳಿಯ ಗುರುತೊಂದು ಉಳಿದಿತ್ತು. ಅದರಿಂದ ಟಿಕ್ ಟಿಕ್ ಕೇಳುತ್ತಿದೆಯೇನೋ ಎಂದು ನನಗೆ ಅನುಮಾನ.

ಹಿಂದಿನಿಂದ ಬರಿಗಾಲಿನ ಹೆಜ್ಜೆ ಬಂತು. ಸ್ನೇಹಿತರ ಮನೆಯಿಂದ ಮಗಳು ಬಂದಿದ್ದಳು. ಪಟ್ಟೆ ಪಟ್ಟೆಯ ಅಂಗಿ ನೋಡಿದಳು. ನನಗೂ ಬೀಗರಿಗೂ ತಲೆಯ ಹಿಂಭಾಗ ಒಂದೇ ನಮೂನೆಯ ಬೋಳು ಬಯಲು.

"ಮಾವಾ," ಎಂದಳು ಮೆಲ್ಲಗೆ. "ಅಪ್ಪ ಅಮ್ಮ ಬರೋ ಮುಂಚೆ ಒಂದು ಮಾತು. ಅದು ಬಂದಿದ್ದು ಅಪ್ಪನ ಗಡಿಯಾರದಿಂದ ಅಂತ ದಯವಿಟ್ಟು ಹೇಳ್ಬೇಡಿ. ನಾನೇ ಎಲ್ಲಿಂದಲೋ ತಂದೆ ಅಂತ ಹೇಳಿ, ನನಗೇನೂ ಬೇಜಾರಿಲ್ಲ. ಅಪ್ಪನಿಗೆ ಅವರ ಕಣ್ಣಿನ ಮೇಲೆ ತುಂಬಾ ಹೆಮ್ಮೆ ಮಾವ. ತಡ್ಕೊಳ್ಳಲ್ಲ ಅವರು."

ನಾನು ತಿರುಗಲಿಲ್ಲ. ಬೀಗರ ಅಂಗಿಯೊಳಗಿನಿಂದ, ಆದಷ್ಟೂ ಬೀಗರ ಗಂಟಲಿನಲ್ಲಿ, "ಹ್ಞೂಂ," ಎಂದೆ.

"ಗಂಟಲು ಕಟ್ಟಿದೆಯಲ್ಲ ಮಾವ! ಆ ಔಷಧಿ ಹೊಗೆಗೇ ಇರ್ಬೇಕು. ತಾಳಿ, ಬಿಸಿನೀರು ತರ್ತೀನಿ."

ಅವಳು ಅಡುಗೆಮನೆಗೆ ಹೋದಳು. ನೀರು ಬಿಸಿಯಾಗುವಷ್ಟರಲ್ಲಿ ನಾನು ಏನೂ ಅರಿಯದ ಅಪ್ಪನಾಗಿ, ಆಗತಾನೇ ಬಂದವನಂತೆ ಬೀದಿ ಬಾಗಿಲಿನಲ್ಲಿ ನಿಂತಿರಬೇಕಿತ್ತು. ಮೊದಲು ಆ ಅಂಗಿ ಬಿಚ್ಚೋಣವೆಂದು ಕೈಹಾಕಿದರೆ, ಗುಂಡಿಗಳೇ ಕಣ್ಣಿಗೆ ಕಾಣಿಸುತ್ತಿಲ್ಲ!